ಸ್ಪರ್ಧೆಗೆ ಮನಸ್ಸಿನ ಸಿದ್ಧತೆ: ಯಾವ ವಿಧಾನ ಯಾರಿಗೆ, ಯಾವಾಗ?

ವಾರವಿಡೀ ಅಭ್ಯಾಸದಲ್ಲಿ ಬೋರ್ಡಿನ ಮೇಲೆ ಸರಿಯಾಗಿ ಕಾಲಿಡುತ್ತಿದ್ದ ಉದ್ದಜಿಗಿತದ ಹುಡುಗಿ ಜಿಲ್ಲಾ ಕ್ರೀಡಾಕೂಟದಲ್ಲಿ ಮೊದಲ ಮೂರು ಅವಕಾಶಗಳಲ್ಲೂ ಫೌಲ್ ಮಾಡಿ ಹೊರಬರುತ್ತಾಳೆ. ವ್ಯಾಯಾಮಶಾಲೆಯಲ್ಲಿ ಎತ್ತಿದ ಭಾರವನ್ನೇ ವೇದಿಕೆಯ ಮೇಲೆ ಎತ್ತಲಾಗದೆ ಮತ್ತೊಬ್ಬ ತಲೆ ತಗ್ಗಿಸಿ ಇಳಿಯುತ್ತಾನೆ. ಇಂಥ ಸಂದರ್ಭದಲ್ಲಿ ನಮ್ಮ ಮೈದಾನಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ‘ಟೆನ್ಷನ್ ಮಾಡ್ಕೋಬೇಡ, ಮನಸ್ಸು ಗಟ್ಟಿ ಮಾಡ್ಕೋ’ ಎಂಬುದು. ಹೇಳುವವರ ಕಾಳಜಿಯಲ್ಲಿ ಕೊರತೆಯಿಲ್ಲ. ಆದರೆ ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆ ಎಂಬುದಕ್ಕೆ ಆ ಮಾತಿನಲ್ಲಿ ಉತ್ತರವಿಲ್ಲ. ಉತ್ತರವಾಗಿ ಕ್ರೀಡಾ ಮನೋವಿಜ್ಞಾನ ಹಲವು ವಿಧಾನಗಳನ್ನು ರೂಪಿಸಿಕೊಟ್ಟಿದೆ. ಅವೆಲ್ಲ ಒಂದೇ ಕಾಯಿಲೆಗೆ ಕೊಡುವ ಬೇರೆ ಬೇರೆ ಕಂಪನಿಯ ಮಾತ್ರೆಗಳಲ್ಲ. ಒಂದೊಂದೂ ಬೇರೆ ತೊಂದರೆಗೆ ಹೇಳಿಮಾಡಿಸಿದ್ದು, ಒಂದೊಂದಕ್ಕೂ ಬೇಕಾಗುವ ಕಾಲ ಬೇರೆ, ತಪ್ಪಾದ ಕಡೆ ಬಳಸಿದರೆ ಕೆಲವು ಕೆಡುಕನ್ನೂ ಮಾಡುತ್ತವೆ.

ಆದ್ದರಿಂದ ವಿಧಾನವನ್ನು ಆರಿಸುವ ಮೊದಲು ಕ್ರೀಡಾಪಟುವನ್ನು ನೋಡಬೇಕು. ಅವನ ಆಟ ಕೆಡುವುದು ಯಾವ ಗಳಿಗೆಯಲ್ಲಿ ಎಂಬುದು ಮೊದಲ ಪ್ರಶ್ನೆ. ಹಿಂದಿನ ರಾತ್ರಿ ನಿದ್ದೆ ಬಾರದಿರುವುದು, ಹೆಸರು ಕರೆದ ಕೂಡಲೇ ಕಾಲು ನಡುಗುವುದು, ಒಂದು ತಪ್ಪಾದ ಮೇಲೆ ಸಾಲುಸಾಲಾಗಿ ತಪ್ಪುವುದು, ಗೆಲುವು ಹತ್ತಿರ ಬಂದಾಗ ಬಿಗಿಯಾಗುವುದು, ಇವು ನಾಲ್ಕೂ ಹೊರಗಿನಿಂದ ‘ಹೆದರಿಕೆ’ ಎಂದೇ ಕಂಡರೂ ಒಳಗೆ ನಾಲ್ಕು ಬೇರೆ ಸಂಗತಿಗಳು. ಅವನ ದೇಹ ಆ ಹೊತ್ತಿನಲ್ಲಿ ಅತಿಯಾಗಿ ಕಾವೇರಿರುತ್ತದೆಯೋ ಅಥವಾ ಮಂಕಾಗಿರುತ್ತದೆಯೋ ಎಂಬುದು ಎರಡನೆಯದು. ಸ್ಪರ್ಧೆಗೆ ಎಷ್ಟು ದಿನ ಉಳಿದಿದೆ ಎಂಬುದು ಮೂರನೆಯದು. ಮೊದಲೆರಡು ಪ್ರಶ್ನೆಗಳನ್ನು ಸರಿಯಾಗಿ ಕೇಳಿಕೊಂಡ ತರಬೇತುದಾರರೂ ಇದನ್ನು ಮರೆತು, ಕೂಟಕ್ಕೆ ಎರಡು ದಿನವಿದ್ದಾಗ ಎರಡು ತಿಂಗಳು ಬೇಡುವ ವಿಧಾನಕ್ಕೆ ಕೈಹಾಕುತ್ತಾರೆ.

ಉಸಿರಾಟ ಮತ್ತು ಸ್ನಾಯು ಸಡಿಲಿಕೆ

ಕಡಿಮೆ ಸಮಯದಲ್ಲಿ ಕಲಿಯಬಹುದಾದದ್ದು ಇದು. ನಿಧಾನವಾಗಿ ಮೂಗಿನಿಂದ ಉಸಿರೆಳೆದು, ಎಳೆದುದಕ್ಕಿಂತ ಹೆಚ್ಚು ಹೊತ್ತು ಬಿಡುವುದು, ನಿಮಿಷಕ್ಕೆ ಸುಮಾರು 6 ಉಸಿರಿನ ಲಯಕ್ಕೆ ಬರುವುದು ಇದರ ತಿರುಳು. ಉಸಿರು ಬಿಡುವಾಗ ಹೃದಯದ ಬಡಿತ ತುಸು ಇಳಿಯುವುದರಿಂದ ಬಿಡುವ ಹೊತ್ತನ್ನು ಉದ್ದ ಮಾಡಿದರೆ ದೇಹ ತಾನಾಗಿ ತಣಿಯುತ್ತದೆ. ಸ್ನಾಯು ಸಡಿಲಿಕೆಯ ಕ್ರಮವನ್ನು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1920ರ ದಶಕದಲ್ಲಿ ರೂಪಿಸಿದರು. ಕಾಲಿನಿಂದ ಮುಖದವರೆಗೆ ಒಂದೊಂದೇ ಸ್ನಾಯುಗುಂಪನ್ನು ಬಿಗಿಹಿಡಿದು ಬಿಡುತ್ತಾ ಹೋಗುವ ಈ ಅಭ್ಯಾಸ, ಹಿಂದಿನ ರಾತ್ರಿ ಹಾಸಿಗೆಯಲ್ಲಿ ಹೊರಳಾಡುವವರಿಗೆ ನಾನು ಮೊದಲು ಹೇಳುವ ಉಪಾಯ.

ಆದರೆ ತಣಿಸುವುದೇ ಯಾವಾಗಲೂ ಒಳ್ಳೆಯದೆಂದು ತಿಳಿಯಬಾರದು. ಯರ್ಕ್ಸ್ ಮತ್ತು ಡಾಡ್‌ಸನ್ ಎಂಬ ಇಬ್ಬರು ಮನೋವಿಜ್ಞಾನಿಗಳು 1908ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಿಂದ ಹೊರಟ ವಿಚಾರ ಇಂದಿಗೂ ತರಬೇತಿಯ ಪಾಠಗಳಲ್ಲಿದೆ: ಉದ್ರೇಕ ಒಂದು ಮಟ್ಟದವರೆಗೆ ಸಹಾಯ ಮಾಡುತ್ತದೆ, ಅದನ್ನು ದಾಟಿದರೆ ಕೆಡಿಸುತ್ತದೆ, ಕೆಲಸ ಕಠಿಣವಾದಷ್ಟೂ ಆ ಮಟ್ಟ ಕೆಳಗಿಳಿಯುತ್ತದೆ. ಮನುಷ್ಯರ ಕ್ರೀಡೆಗೆ ಇದು ಅಷ್ಟು ಸರಳವಾಗಿ ಹೊಂದುವುದಿಲ್ಲವಾದರೂ ದಾರಿ ತೋರಿಸುವಷ್ಟು ಹೊಂದುತ್ತದೆ. ಗುರಿ ಹಿಡಿಯುವ ಶೂಟರ್‌ಗೆ, ಬಿಲ್ಲುಗಾರನಿಗೆ, ಫ್ರೀ ಥ್ರೋ ಹಾಕುವ ಬಾಸ್ಕೆಟ್‌ಬಾಲ್ ಆಟಗಾರ್ತಿಗೆ ತಣ್ಣಗಿನ ದೇಹ ಬೇಕು. ಗುಂಡು ಎಸೆಯುವವನಿಗೆ, ಡೆಡ್‌ಲಿಫ್ಟ್ ಎತ್ತುವವನಿಗೆ ಅದೇ ಗಳಿಗೆಯಲ್ಲಿ ಕಾವು ಬೇಕು. ವೇದಿಕೆ ಹತ್ತುವ ಮುನ್ನ ಐದು ನಿಮಿಷ ಕಣ್ಣುಮುಚ್ಚಿ ಕೂರಿಸಿದರೆ ಅವನ ಶಕ್ತಿಯನ್ನು ನಾವೇ ಕಳೆದಂತಾಗುತ್ತದೆ. ಅವನಿಗೆ ಗಿಡ್ಡನೆಯ ಚುರುಕು ಉಸಿರು, ನೆಲಕ್ಕೆ ಕಾಲು ಅಪ್ಪಳಿಸುವುದು, ತೊಡೆ ತಟ್ಟಿಕೊಳ್ಳುವುದು ಇವೇ ಸಾಕು.

ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಎದೆಬಡಿತವನ್ನು ಇಳಿಸಲು ಹೋರಾಡದೆ ಅದಕ್ಕೆ ಬೇರೆ ಅರ್ಥ ಕೊಡುವುದು. 2014ರಲ್ಲಿ ಅಮೆರಿಕದ ಸಂಶೋಧಕಿ ಅಲಿಸನ್ ವುಡ್ ಬ್ರೂಕ್ಸ್ ಪ್ರಕಟಿಸಿದ ಪ್ರಯೋಗಗಳಲ್ಲಿ ಹಾಡು, ಭಾಷಣ, ಗಣಿತದ ಪರೀಕ್ಷೆಗಳ ಮೊದಲು ‘ನಾನು ಶಾಂತವಾಗಿದ್ದೇನೆ’ ಎಂದುಕೊಂಡವರಿಗಿಂತ ‘ನನಗೆ ಹುರುಪು ಬಂದಿದೆ’ ಎಂದುಕೊಂಡವರು ಚೆನ್ನಾಗಿ ಮಾಡಿದರು. ಅವು ಕ್ರೀಡೆಯ ಪ್ರಯೋಗಗಳಲ್ಲ. ಹಾಗಿದ್ದರೂ ಬಿಸಿಯಾದ ದೇಹವನ್ನು ಒಮ್ಮೆಲೇ ತಣ್ಣಗಾಗಿಸುವುದಕ್ಕಿಂತ ಆ ಬಿಸಿಯನ್ನು ಹುರುಪೆಂದು ಒಪ್ಪಿಕೊಳ್ಳುವುದು ಸುಲಭವೆಂಬುದು ಓಟದ ಗೆರೆಯ ಹಿಂದೆ ನಿಂತವರಿಗೆಲ್ಲ ತಿಳಿದ ವಿಷಯ. ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಸುಲಭವಾದದ್ದು ಇನ್ನೊಂದಿಲ್ಲ. ಕೈ ನಡುಗಿದರೆ ಮೈ ತಯಾರಾಗುತ್ತಿದೆ ಎಂದು ಮೊದಲೇ ಹೇಳಿಟ್ಟರೆ ಅರ್ಧ ಭಯ ಅಲ್ಲಿಗೇ ಇಳಿಯುತ್ತದೆ.

ಮನಸ್ಸಿನೊಳಗಿನ ಅಭ್ಯಾಸ

ಕಣ್ಣುಮುಚ್ಚಿ ತನ್ನ ಆಟವನ್ನು ತಾನೇ ಆಡಿನೋಡುವ ಈ ವಿಧಾನದ ಬಗ್ಗೆ ಅತಿ ಹೆಚ್ಚು ಮಾತು ನಡೆಯುತ್ತದೆ, ಇದನ್ನು ಅತಿ ಹೆಚ್ಚು ತಪ್ಪಾಗಿಯೂ ಮಾಡಲಾಗುತ್ತದೆ. ಪದಕ ಕೊರಳಿಗೆ ಬೀಳುವುದನ್ನು, ಜನ ಚಪ್ಪಾಳೆ ತಟ್ಟುವುದನ್ನು ಕಲ್ಪಿಸಿಕೊಳ್ಳುವುದು ಹಗಲುಗನಸು. ಅದರಿಂದ ಉತ್ಸಾಹ ಹೆಚ್ಚಬಹುದು, ಕೌಶಲ ಹೆಚ್ಚುವುದಿಲ್ಲ. ಮನಸ್ಸಿನ ಅಭ್ಯಾಸವೆಂದರೆ ಕೆಲಸವನ್ನು ಕಲ್ಪಿಸಿಕೊಳ್ಳುವುದು.

ಹೋಮ್ಸ್ ಮತ್ತು ಕಾಲಿನ್ಸ್ ಎಂಬ ಬ್ರಿಟನ್ನಿನ ಸಂಶೋಧಕರು 2001ರಲ್ಲಿ ಇದಕ್ಕೊಂದು ಚೌಕಟ್ಟು ಕೊಟ್ಟರು. ಅದರ ಸಾರವೆಂದರೆ, ಕಲ್ಪನೆ ನಿಜವಾದ ಕೆಲಸಕ್ಕೆ ಎಷ್ಟು ಹತ್ತಿರವಿದ್ದರೆ ಅಷ್ಟು ಫಲ. ಉದ್ದಜಿಗಿತದ ಹುಡುಗಿಯನ್ನು ಮನೆಯ ಮಂಚದ ಮೇಲೆ ಮಲಗಿಸಿ ಕಲ್ಪಿಸಿಕೊಳ್ಳಲು ಹೇಳುವುದಕ್ಕಿಂತ, ಸ್ಪೈಕ್ಸ್ ತೊಟ್ಟು ರನ್-ಅಪ್ ಗುರುತಿನ ಮೇಲೆ ನಿಲ್ಲಿಸುವುದು ಮೇಲು. ಅವಳು ಹಿಂಗಾಲಿನ ಮೇಲೆ ಭಾರ ಹಾಕಿ ತೂಗಬೇಕು, ಮೊದಲ ಹೆಜ್ಜೆಯ ಒತ್ತನ್ನು ಅಂಗಾಲಿನಲ್ಲಿ ಅನುಭವಿಸಬೇಕು, ಕೊನೆಯ ಎರಡು ಹೆಜ್ಜೆಗಳಲ್ಲಿ ಸೊಂಟ ತುಸು ತಗ್ಗುವುದನ್ನು, ಬೋರ್ಡಿನ ಮೇಲೆ ಪಾದ ಬಿದ್ದ ಸದ್ದನ್ನು, ಮರಳಿನ ತಂಪನ್ನು ಗಮನಕ್ಕೆ ತಂದುಕೊಳ್ಳಬೇಕು. ನಿಜವಾದ ಓಟ ಎಷ್ಟು ಸೆಕೆಂಡು ಹಿಡಿಯುತ್ತದೆಯೋ ಕಲ್ಪನೆಯ ಓಟವೂ ಅಷ್ಟೇ ಹಿಡಿಯಬೇಕು. ತರಬೇತುದಾರ ಸ್ಟಾಪ್‌ವಾಚ್ ಹಿಡಿದು, ಅವಳು ಶುರು ಮಾಡುವಾಗ ಮತ್ತು ಮುಗಿಸುವಾಗ ಬೆರಳೆತ್ತಲು ಹೇಳಿದರೆ ಇದನ್ನು ಅಳೆಯಬಹುದು. ಎರಡರ ನಡುವೆ ದೊಡ್ಡ ಅಂತರವಿದ್ದರೆ ಅವಳು ಅರ್ಧವನ್ನು ಹಾರಿಸಿಬಿಡುತ್ತಿದ್ದಾಳೆ ಎಂದರ್ಥ, ಹಾರಿಸಿದ ಆ ಭಾಗವೇ ಬಹುಮಟ್ಟಿಗೆ ಅವಳಿಗೆ ಸರಿಯಾಗಿ ಬಾರದ ಭಾಗವಾಗಿರುತ್ತದೆ.

ಈ ವಿಧಾನದ ದೊಡ್ಡ ಉದಾಹರಣೆ ಈಜುಗಾರ ಮೈಕೆಲ್ ಫೆಲ್ಪ್ಸ್. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಬಟರ್‌ಫ್ಲೈ ಫೈನಲ್ ನಡೆಯುವಾಗ ಅವರ ಕನ್ನಡಕದೊಳಗೆ ನೀರು ತುಂಬಿ ಕೊನೆಯಲ್ಲಿ ಗೋಡೆಯೇ ಕಾಣದಂತಾಯಿತು. ಅವರು ಕೈಬೀಸುಗಳನ್ನು ಎಣಿಸುತ್ತಾ ಈಜಿ 1:52.03ರ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಈಜು ಸರಿಯಾಗಿ ನಡೆಯುವುದನ್ನಷ್ಟೇ ಅಲ್ಲ, ಕೆಟ್ಟುಹೋದಾಗ ಏನು ಮಾಡಬೇಕೆಂಬುದನ್ನೂ ಅವರು ವರ್ಷಗಟ್ಟಲೆ ಮನಸ್ಸಿನಲ್ಲಿ ಅಭ್ಯಾಸ ಮಾಡಿದ್ದರು. ನಮ್ಮ ತರಬೇತುದಾರರು ಇದನ್ನು ಗಮನಿಸಬೇಕು. ತಪ್ಪನ್ನು ಕಲ್ಪಿಸಿಕೊಂಡು ಅಲ್ಲಿಗೇ ನಿಲ್ಲಿಸುವುದು ಹಾನಿಕರ. ತಪ್ಪಿನಿಂದ ಚೇತರಿಸಿಕೊಂಡು ಮುಗಿಸುವವರೆಗೆ ಕಲ್ಪಿಸಿಕೊಳ್ಳುವುದು ಸಿದ್ಧತೆ.

ಇದರ ಮಿತಿಗಳನ್ನೂ ಹೇಳಬೇಕು. 1994ರಲ್ಲಿ ಡ್ರಿಸ್ಕೆಲ್ ಮತ್ತು ಸಂಗಡಿಗರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮನಸ್ಸಿನ ಅಭ್ಯಾಸ ಫಲ ಕೊಡುತ್ತದೆ, ಆದರೆ ಮೈದಾನದ ಅಭ್ಯಾಸದಷ್ಟಲ್ಲ, ಬಿಟ್ಟರೆ ಫಲ ಕ್ರಮೇಣ ಇಳಿಯುತ್ತದೆ, ಒಂದು ಸಲಕ್ಕೆ ಸುಮಾರು 20 ನಿಮಿಷಕ್ಕಿಂತ ಹೆಚ್ಚು ಮಾಡುವುದರಲ್ಲಿ ಲಾಭವಿಲ್ಲ ಎಂದು ಕಂಡುಬಂತು. ಹುಟ್ಟಿನಿಂದಲೇ ಮನಸ್ಸಿನಲ್ಲಿ ಚಿತ್ರ ಮೂಡದ ಜನರೂ ಇದ್ದಾರೆ. ‘ಏನೂ ಕಾಣ್ತಿಲ್ಲ ಸಾರ್’ ಎನ್ನುವ ಹುಡುಗನನ್ನು ಸೋಮಾರಿಯೆಂದು ಬೈಯದೆ, ಅವನಿಗೆ ಬೇರೆ ವಿಧಾನ ಕೊಡಬೇಕು. ಗಾಯವಾಗಿ ಮೈದಾನದಿಂದ ದೂರವುಳಿದವರಿಗೆ ಮಾತ್ರ ಉಳಿದೆಲ್ಲಕ್ಕಿಂತ ಇದು ಹೆಚ್ಚು ಉಪಯುಕ್ತ, ಏಕೆಂದರೆ ಆಗ ಇದಕ್ಕೆ ಸ್ಪರ್ಧೆ ಕೊಡುವ ದೈಹಿಕ ಅಭ್ಯಾಸವೇ ಇರುವುದಿಲ್ಲ.

ತನಗೆ ತಾನೇ ಹೇಳಿಕೊಳ್ಳುವ ಮಾತು

ಇದರಲ್ಲಿ ಎರಡು ಬಗೆ. ‘ಮೊಣಕೈ ಮೇಲೆ’, ‘ಕಣ್ಣು ಚೆಂಡಿನ ಮೇಲೆ’ ಎಂಬಂಥ ಸೂಚನೆಯ ಮಾತು ಒಂದು. ‘ಆಗುತ್ತೆ’, ‘ಬಿಡಬೇಡ’ ಎಂಬಂಥ ಹುರಿದುಂಬಿಸುವ ಮಾತು ಇನ್ನೊಂದು. 2011ರಲ್ಲಿ ಪ್ರಕಟವಾದ ಒಂದು ಸಮಗ್ರ ಪರಿಶೀಲನೆಯ ಪ್ರಕಾರ ನಾಜೂಕಾದ ಕೌಶಲಗಳಲ್ಲಿ ಮತ್ತು ಹೊಸದಾಗಿ ಕಲಿಯುತ್ತಿರುವ ಕೆಲಸಗಳಲ್ಲಿ ಇಂಥ ಮಾತಿನಿಂದ ಹೆಚ್ಚು ಪ್ರಯೋಜನ, ನಾಜೂಕು ಕೆಲಸಕ್ಕೆ ಸೂಚನೆಯ ಮಾತೇ ಮೇಲು. ಸಹನಶಕ್ತಿ ಬೇಡುವ ದೂರದ ಓಟ, ಸೈಕ್ಲಿಂಗ್‌ಗಳಲ್ಲಿ ಹುರಿದುಂಬಿಸುವ ಮಾತು ಕೆಲಸ ಮಾಡುತ್ತದೆ. ಬೆಂಗಳೂರಿನ 10 ಕಿ.ಮೀ. ಓಟದಲ್ಲಿ ಏಳನೆಯ ಕಿಲೋಮೀಟರ್ ದಾಟಿ ಉಸಿರು ಕಟ್ಟುತ್ತಿರುವವನಿಗೆ ತೋಳಿನ ಕೋನದ ನೆನಪಿಗಿಂತ ‘ಮುಂದಿನ ಕಂಬದವರೆಗೆ’ ಎಂಬ ಮಾತು ಹೆಚ್ಚು ದೂರ ಒಯ್ಯುತ್ತದೆ.

ಮಾತು ಗಿಡ್ಡದಾಗಿರಬೇಕು, ಏನು ಮಾಡಬಾರದು ಎಂಬುದಕ್ಕಿಂತ ಏನು ಮಾಡಬೇಕು ಎಂಬುದನ್ನು ಹೇಳಬೇಕು, ಎಲ್ಲಕ್ಕಿಂತ ಮಿಗಿಲಾಗಿ ಅದು ಕ್ರೀಡಾಪಟುವಿನದೇ ಮಾತಾಗಿರಬೇಕು. ಧಾರವಾಡದ ಹುಡುಗ ತನ್ನ ಮನೆಯ ಮಾತಿನಲ್ಲಿ ತನ್ನನ್ನು ಹೇಗೆ ಗದರಿಕೊಳ್ಳುತ್ತಾನೋ ಹಾಗೇ ಹೇಳಿಕೊಳ್ಳಲಿ. ಪುಸ್ತಕದಿಂದ ತೆಗೆದುಕೊಟ್ಟ ಘೋಷಣೆ ಒತ್ತಡದ ಗಳಿಗೆಯಲ್ಲಿ ನಾಲಿಗೆಗೆ ಬರುವುದಿಲ್ಲ. ಒಂದು ಎಚ್ಚರಿಕೆಯೂ ಇದೆ. ಕೌಶಲ ರಕ್ತಗತವಾಗಿರುವ ಅನುಭವಿ ಆಟಗಾರ ಒತ್ತಡದಲ್ಲಿ ತನ್ನ ಕೈಕಾಲುಗಳಿಗೆ ಬಿಡಿಬಿಡಿಯಾಗಿ ಸೂಚನೆ ಕೊಡತೊಡಗಿದರೆ, ತಾನಾಗಿ ನಡೆಯುತ್ತಿದ್ದ ಚಲನೆ ತುಂಡುತುಂಡಾಗುತ್ತದೆ. ಅಂಥವನಿಗೆ ಇಡೀ ಚಲನೆಯ ಲಯವನ್ನು ಹಿಡಿಯುವ ಒಂದೇ ಪದ ಸಾಕು.

ಪ್ರತಿಸಲದ ಒಂದೇ ಕ್ರಮ

ಕ್ರೀಡಾ ಮನೋವಿಜ್ಞಾನಿ ಇಲ್ಲದ ಊರಿನಲ್ಲಿ, ಒಬ್ಬ ದೈಹಿಕ ಶಿಕ್ಷಣ ಶಿಕ್ಷಕರು ನಲವತ್ತು ಮಕ್ಕಳನ್ನು ನೋಡಿಕೊಳ್ಳಬೇಕಾದ ಶಾಲೆಯಲ್ಲಿ, ಒಂದೇ ವಿಧಾನವನ್ನು ಕಲಿಸಲು ಸಾಧ್ಯವಿದ್ದರೆ ನಾನು ಇದನ್ನೇ ಆರಿಸುತ್ತೇನೆ. ಪ್ರತಿ ಎಸೆತ, ಪ್ರತಿ ಜಿಗಿತ, ಪ್ರತಿ ಸರ್ವ್‌ಗೆ ಮೊದಲು ಅದೇ ಕೆಲಸಗಳನ್ನು ಅದೇ ಅನುಕ್ರಮದಲ್ಲಿ ಮಾಡುವುದು ಇದರ ರೀತಿ. ಇದರೊಳಗೆ ಉಸಿರು, ಚಿತ್ರ, ಮಾತು ಮೂರೂ ಸೇರಿಕೊಳ್ಳುತ್ತವೆ, ಮನಸ್ಸಿಗೆ ಅಲೆಯಲು ಖಾಲಿ ಜಾಗ ಉಳಿಯುವುದಿಲ್ಲ.

ಕ್ರಮವನ್ನು ಕ್ರೀಡೆಯ ಗಡಿಯಾರಕ್ಕೆ ಹೊಂದಿಸಿ ಕಟ್ಟಬೇಕು. ವೇಟ್‌ಲಿಫ್ಟಿಂಗ್‌ನಲ್ಲಿ ಹೆಸರು ಕರೆದ ಮೇಲೆ ಎತ್ತಲು ತೊಡಗುವುದಕ್ಕೆ 1 ನಿಮಿಷ, ತನ್ನದೇ ಪ್ರಯತ್ನದ ನಂತರ ತಾನೇ ಮತ್ತೆ ಎತ್ತುವುದಾದರೆ 2 ನಿಮಿಷ ಸಿಗುತ್ತದೆ. 30 ಸೆಕೆಂಡು ಉಳಿದಾಗ ಎಚ್ಚರಿಕೆಯ ಸದ್ದಾಗುತ್ತದೆ. ಕೈ ಜಾರದಂತೆ ಹಚ್ಚಿಕೊಳ್ಳುವ ಮೆಗ್ನೀಸಿಯಮ್ ಪುಡಿಯ ಬಳಿ ಒಂದು ದೀರ್ಘ ಉಸಿರು, ಕೈಗೆ ಪುಡಿ, ವೇದಿಕೆಗೆ ನಡೆಯುತ್ತಾ ಎದುರಿನ ಒಂದು ಬಿಂದುವಿನ ಮೇಲೆ ಕಣ್ಣು, ಎಚ್ಚರಿಕೆಯ ಸದ್ದಿನ ವೇಳೆಗೆ ಬಾರಿನ ಮುಂದೆ ಪಾದ, ಹಿಡಿತ, ಒಂದು ಪದ, ಎತ್ತು. ಹೀಗೆ ಜೋಡಿಸಿಕೊಂಡವನಿಗೆ ಆ ಸದ್ದು ಗಾಬರಿಯ ಕರೆಯಾಗದೆ ತನ್ನ ಕ್ರಮದ ಒಂದು ಭಾಗವಾಗುತ್ತದೆ. ಕಬಡ್ಡಿಯ ರೇಡರ್‌ಗೆ 30 ಸೆಕೆಂಡಿನ ರೇಡ್ ಶುರುವಾದ ಮೇಲೆ ಇಂಥ ಅವಕಾಶವಿಲ್ಲ. ಅವನ ಕ್ರಮ ನಡುಗೆರೆ ಮುಟ್ಟುವ ಮೊದಲೇ ಮುಗಿಯಬೇಕು. ನಿರಂತರವಾಗಿ ಹರಿಯುವ ಫುಟ್‌ಬಾಲ್, ಹಾಕಿಗಳಲ್ಲಿ ಪೆನಾಲ್ಟಿಯಂಥ ನಿಂತ ಗಳಿಗೆಗಳನ್ನು ಬಿಟ್ಟರೆ ಇದರ ಉಪಯೋಗ ಕಡಿಮೆ.

ಕ್ರಮಕ್ಕೂ ಮೂಢನಂಬಿಕೆಗೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ತನ್ನ ಉಸಿರು, ತನ್ನ ನೋಟ, ತನ್ನ ಹೆಜ್ಜೆಗಳಿಂದ ಕಟ್ಟಿದ ಕ್ರಮವನ್ನು ಯಾರೂ ಕಸಿಯಲಾರರು. ಅದೃಷ್ಟದ ಕಾಲುಚೀಲ ಕಳೆದರೆ ಧೈರ್ಯವೂ ಅದರೊಂದಿಗೆ ಕಳೆಯುತ್ತದೆ.

ಒತ್ತಡವನ್ನೇ ಅಭ್ಯಾಸಕ್ಕೆ ತರುವುದು

ಮೇಲಿನವೆಲ್ಲ ಒತ್ತಡವನ್ನು ನಿಭಾಯಿಸುವ ಉಪಕರಣಗಳಾದರೆ, ಇದು ಆ ಉಪಕರಣಗಳನ್ನು ಪರೀಕ್ಷಿಸುವ ಜಾಗ. 2004ರ ಅಥೆನ್ಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಏಳನೆಯವರಾಗಿ ಹೊರಬಂದ ರೈಫಲ್ ಶೂಟರ್ ಅಭಿನವ್ ಬಿಂದ್ರಾ, ಬೀಜಿಂಗ್‌ಗೆ ಸಿದ್ಧರಾಗುವಾಗ ಅಲ್ಲಿನ ದೊಡ್ಡ ಸಭಾಂಗಣದ ಅನುಭವ ಪಡೆಯಲು ಮದುವೆಯ ಹಾಲ್ ಒಂದನ್ನು ಬಾಡಿಗೆಗೆ ಹಿಡಿದು ಅಭ್ಯಾಸ ಮಾಡಿದ್ದರು. 2008ರ ಆಗಸ್ಟ್ 11ರಂದು ಕೊನೆಯ ಗುಂಡಿಗೆ ಮೊದಲು ಅವರೂ ಫಿನ್ಲೆಂಡ್‌ನ ಹೆನ್ರಿ ಹಾಕಿನೆನ್ ಅವರೂ ಸಮನಾಗಿದ್ದರು. ಬಿಂದ್ರಾ 10.8 ಹೊಡೆದರು, ಹಾಕಿನೆನ್ 9.7. ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ಬಂದದ್ದು ಹಾಗೆ. ನೆದರ್ಲೆಂಡ್ಸ್‌ನ ಸಂಶೋಧಕರು ಹತ್ತುವ ಅಭ್ಯಾಸಕ್ಕೆಂದು ಕಟ್ಟಿದ ಕ್ಲೈಂಬಿಂಗ್ ಗೋಡೆಯ ಮೇಲೆ ಎತ್ತರದಲ್ಲಿ ನಿಲ್ಲಿಸಿ ಡಾರ್ಟ್ ಎಸೆಯಿಸಿದ ಪ್ರಯೋಗದಲ್ಲೂ, ಸ್ವಲ್ಪ ಆತಂಕದಲ್ಲಿ ಅಭ್ಯಾಸ ಮಾಡಿದವರು ಹೆಚ್ಚಿನ ಆತಂಕದಲ್ಲಿ ಕೆಡಲಿಲ್ಲ.

ಇದಕ್ಕೆ ಮದುವೆಯ ಹಾಲ್ ಬೇಕಾಗಿಲ್ಲ. ಶನಿವಾರದ ಅಭ್ಯಾಸಕ್ಕೆ ಬೇರೆ ಶಾಲೆಯ ಶಿಕ್ಷಕರೊಬ್ಬರನ್ನು ತೀರ್ಪುಗಾರರಾಗಿ ಕರೆಯುವುದು, ಎದೆಗೆ ನಂಬರ್ ಕಟ್ಟುವುದು, ಒಂದೇ ಅವಕಾಶ ಕೊಡುವುದು, ಉಳಿದ ಮಕ್ಕಳಿಗೆ ಸುತ್ತ ನಿಂತು ಕೂಗಲು ಹೇಳುವುದು ಸಾಕು. ಆದರೆ ಎರಡು ಷರತ್ತುಗಳಿವೆ: ಕೌಶಲ ನೆಲೆಗೊಂಡಿರಬೇಕು, ನಿಭಾಯಿಸುವ ಒಂದು ಉಪಾಯವಾದರೂ ಕೈಯಲ್ಲಿರಬೇಕು. ಇವಿಲ್ಲದೆ ಒತ್ತಡ ಹೇರಿದರೆ ಮಗು ಸೋಲುವುದನ್ನೇ ಅಭ್ಯಾಸ ಮಾಡಿದಂತಾಗುತ್ತದೆ. ಅವಮಾನವನ್ನು ಒತ್ತಡವೆಂದು ಕರೆದು ಸಮರ್ಥಿಸಿಕೊಳ್ಳುವ ತರಬೇತುದಾರರನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಗುರಿ ಮತ್ತು ಧ್ಯಾನ

ಗುರಿ ನಿಗದಿಯ ಬಗ್ಗೆ ಆಯ್ಕೆ ಸರಳ. ಪದಕ ಗೆಲ್ಲುವ ಗುರಿ ವರ್ಷದ ದಿನಚರಿ ನಡೆಸಲು ಒಳ್ಳೆಯದು, ಸ್ಪರ್ಧೆಯ ದಿನಕ್ಕೆ ಅಲ್ಲ, ಏಕೆಂದರೆ ಎದುರಾಳಿ ಹೇಗೆ ಆಡುತ್ತಾನೆಂಬುದು ನಮ್ಮ ಕೈಯಲ್ಲಿಲ್ಲ. ಅಂದಿಗೆ ‘ಮೊದಲ 2 ಕಿಲೋಮೀಟರ್ ನಿಗದಿತ ವೇಗ ಮೀರುವುದಿಲ್ಲ’ ಎಂಬಂಥ ಕೆಲಸದ ಗುರಿ ಬೇಕು.

ಧ್ಯಾನ ಮತ್ತು ಅರಿವಿನ ಅಭ್ಯಾಸಗಳ ತರ್ಕ ಉಳಿದವುಗಳಿಗಿಂತ ಬೇರೆ. ಕೆಟ್ಟ ಯೋಚನೆಯನ್ನು ಒಳ್ಳೆಯ ಯೋಚನೆಯಿಂದ ತಳ್ಳುವ ಬದಲು, ಅದು ಬಂದುಹೋಗಲು ಬಿಟ್ಟು ಗಮನವನ್ನು ಕೆಲಸಕ್ಕೆ ಮರಳಿ ತರುವುದು ಅದರ ರೀತಿ. ‘ಯೋಚಿಸಬಾರದು’ ಎಂದುಕೊಂಡಷ್ಟೂ ಯೋಚನೆ ಹೆಚ್ಚುವ ಸ್ವಭಾವದವರಿಗೆ ಇದು ಒಗ್ಗುತ್ತದೆ. ನಮ್ಮಲ್ಲಿ ಯೋಗದ ಪರಿಚಯವಿರುವುದರಿಂದ ಕೂರುವ ಅಭ್ಯಾಸಕ್ಕೆ ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ. ಆದರೆ ಫಲ ಕಾಣಲು ವಾರಗಳ ನಿತ್ಯದ ಅಭ್ಯಾಸ ಬೇಕು, ಕೂಟದ ಬೆಳಿಗ್ಗೆ ಮೊದಲ ಸಲ ಕೂರಿಸುವುದರಿಂದ ಏನೂ ಆಗದು.

ಉಳಿದಿರುವ ಕಾಲಕ್ಕೆ ತಕ್ಕಂತೆ

ಸ್ಪರ್ಧೆಗೆ ಎರಡು ಮೂರು ದಿನವಷ್ಟೇ ಇದ್ದರೆ ಹೊಸದಾಗಿ ಏನನ್ನೂ ಕಟ್ಟಲು ಹೋಗಬಾರದು. ರಾತ್ರಿಗೆ ಸ್ನಾಯು ಸಡಿಲಿಕೆ, ಅಂಗಳಕ್ಕೆ ಉಸಿರಾಟ, ಎದೆಬಡಿತದ ಬಗ್ಗೆ ಒಂದು ವಿವರಣೆ, ಒಂದು ಕೆಲಸದ ಗುರಿ, ಇಷ್ಟೇ. ಮೂರು ನಾಲ್ಕು ವಾರವಿದ್ದರೆ ಕ್ರಮವನ್ನು ಕಟ್ಟಿ, ಅದರೊಳಗೆ ಒಂದು ಮಾತನ್ನು ಸೇರಿಸಿ, ಕೊನೆಯ ಎರಡು ವಾರಾಂತ್ಯಗಳಲ್ಲಿ ಒತ್ತಡದ ಅಭ್ಯಾಸ ನಡೆಸಬಹುದು. ಮನಸ್ಸಿನೊಳಗಿನ ಅಭ್ಯಾಸ ಮತ್ತು ಧ್ಯಾನವನ್ನು ಸ್ಪರ್ಧೆಗಳಿಲ್ಲದ ತಿಂಗಳುಗಳಲ್ಲಿ ಆರಂಭಿಸಬೇಕು. ಒಬ್ಬ ಕ್ರೀಡಾಪಟುವಿಗೆ ಒಂದು ಋತುವಿನಲ್ಲಿ ಎರಡಕ್ಕಿಂತ ಹೆಚ್ಚು ಹೊಸ ವಿಧಾನಗಳು ಬೇಡ. ಪ್ರತಿ ಕೂಟದ ನಂತರ ಅವನೇ ನೋಟ್‌ಬುಕ್ಕಿನಲ್ಲಿ ಯಾವ ಗಳಿಗೆಯಲ್ಲಿ ಏನಾಯಿತು, ವಿಧಾನವನ್ನು ನೆನಪಿಟ್ಟು ಮಾಡಿದನೇ ಎಂದು ಎರಡು ಸಾಲು ಬರೆದರೆ, ಮುಂದುವರಿಸಬೇಕೋ ಬದಲಿಸಬೇಕೋ ಎಂಬುದು ಮೂರು ನಾಲ್ಕು ಕೂಟಗಳಲ್ಲಿ ತಿಳಿಯುತ್ತದೆ.

ತರಬೇತುದಾರರ ಮನಸ್ಸು

ತರಬೇತುದಾರರಿಗೆ ಬೇಕಾದ ಸಿದ್ಧತೆಯ ಬಗ್ಗೆ ನಾವು ಮಾತನಾಡುವುದು ತೀರಾ ಕಡಿಮೆ. ಬ್ಯಾಡ್ಮಿಂಟನ್‌ನ 21 ಅಂಕಗಳ ಪದ್ಧತಿಯಲ್ಲಿ ಮುಂದಿರುವವರು 11 ಮುಟ್ಟಿದಾಗ ಸಿಗುವುದು 60 ಸೆಕೆಂಡು, ಆಟಗಳ ನಡುವೆ 120 ಸೆಕೆಂಡು. ಆ 60 ಸೆಕೆಂಡಿನಲ್ಲಿ ಮೊದಲ 20 ಸೆಕೆಂಡನ್ನು ಆಟಗಾರ್ತಿಯ ಉಸಿರಿಗೆ ಮತ್ತು ನೀರಿಗೆ ಬಿಟ್ಟು, ಅನಂತರ ಒಂದೇ ಸೂಚನೆ ಕೊಟ್ಟು, ಅದನ್ನು ಅವಳ ಬಾಯಿಂದ ಹೇಳಿಸಿ ಕಳುಹಿಸುವವರು ಅವಳಿಗೆ ನೆರವಾಗುತ್ತಾರೆ. ಕೈಬೀಸುತ್ತಾ ಏಳು ತಪ್ಪುಗಳನ್ನು ಪಟ್ಟಿ ಮಾಡುವವರು ತಮ್ಮ ಆತಂಕವನ್ನು ಅವಳ ಹೆಗಲಿಗೆ ವರ್ಗಾಯಿಸುತ್ತಾರೆ. ಉಸಿರಾಟ, ಕ್ರಮ, ಗಿಡ್ಡ ಮಾತು ಇವನ್ನು ತರಬೇತುದಾರರು ತಮಗಾಗಿ ಮೊದಲು ಕಲಿಯಬೇಕು. ಕೂಟದ ದಿನ ಯಾವಾಗ ಮಾತನಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಹಿಂದಿನ ದಿನವೇ ಕ್ರೀಡಾಪಟುವಿನೊಂದಿಗೆ ಮಾತಾಡಿಕೊಂಡಿರುವುದು ಒಳ್ಳೆಯದು. ಕೆಲವರಿಗೆ ಬೆನ್ನು ತಟ್ಟಬೇಕು, ಕೆಲವರಿಗೆ ದೂರ ನಿಂತರೇ ನೆಮ್ಮದಿ.

ವಿಧಾನಗಳು ಸಾಲದ ಕಡೆ

ಇವೆಲ್ಲ ಆರೋಗ್ಯವಂತ ಮನಸ್ಸನ್ನು ಸ್ಪರ್ಧೆಗೆ ಸಿದ್ಧಗೊಳಿಸುವ ವಿಧಾನಗಳು, ಚಿಕಿತ್ಸೆಯಲ್ಲ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಗಾಳಿಯಲ್ಲಿ ತಮ್ಮ ದೇಹ ಎಲ್ಲಿದೆ ಎಂಬ ಅರಿವೇ ತಪ್ಪಿದಾಗ ತಂಡದ ಫೈನಲ್‌ನಿಂದ ಹಿಂದೆ ಸರಿದರು. ಧೈರ್ಯ ಹೇಳಿ ಮುಂದಕ್ಕೆ ತಳ್ಳುವ ಸ್ಥಿತಿ ಅದಾಗಿರಲಿಲ್ಲ, ತಳ್ಳಿದ್ದರೆ ಕುತ್ತಿಗೆಗೆ ಅಪಾಯವಿತ್ತು. ಅವರು 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದರು. ವಾರಗಳ ಕಾಲ ನಿದ್ದೆ ಹಸಿವು ಕೆಟ್ಟಿರುವುದು, ಇಷ್ಟಪಟ್ಟು ಬರುತ್ತಿದ್ದ ಅಭ್ಯಾಸ ಬೇಡವೆನಿಸುವುದು, ತೂಕ ಇಳಿಯುತ್ತಲೇ ಹೋಗುವುದು, ಹುಡುಗಿಯರಲ್ಲಿ ಮುಟ್ಟು ನಿಲ್ಲುವುದು, ಬದುಕು ಸಾಕೆಂಬ ಮಾತು ಬರುವುದು ಕಂಡರೆ ಉಸಿರಾಟದ ಪಾಠವನ್ನು ಬದಿಗಿಟ್ಟು ವೈದ್ಯರ ಬಳಿ ಕರೆದೊಯ್ಯಬೇಕು. ಅತಿ ತರಬೇತಿ, ಕಡಿಮೆ ಆಹಾರ, ರಕ್ತಹೀನತೆಗಳೂ ಹೊರಗೆ ಮನೋಬಲದ ಕೊರತೆಯಂತೆಯೇ ಕಾಣುವುದರಿಂದ ದೇಹದ ತಪಾಸಣೆ ಮೊದಲಾಗಲಿ. ಹತ್ತಿರದಲ್ಲಿ ತಜ್ಞರಿಲ್ಲದವರು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳ ವಿಷಯದಲ್ಲಿ ತಂದೆತಾಯಿಗೆ ತಿಳಿಸಿ, ಉಳಿದ ಮಕ್ಕಳ ಮುಂದೆ ಆ ಸುದ್ದಿ ಎತ್ತದೆ, ತಂಡದಲ್ಲಿ ಆ ಮಗುವಿನ ಜಾಗ ಹೋಗುವುದಿಲ್ಲವೆಂದು ತರಬೇತುದಾರರು ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕು.